ಮಣಿಕಟ್ಟಿನ ಮುರಿತ ಮತ್ತು ಗಾಲ್ಫ್ ಆಟ

ಆಟಿ ತಿಂಗಳ ಮಳೆಯಲ್ಲಿ ದಕ್ಷಿಣ ಕನ್ನಡದ ಮನೆಯಂಗಳಗಳು ಪಾಚಿಗಟ್ಟಿ ಎಷ್ಟು ಜಾರುತ್ತವೆಂಬುದನ್ನು ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ನಡೆದಾಡುವ ದಾರಿಗೆ ಅಡಿಕೆಯ ಸೋಗೆ ಹಾಸುವುದು ಅದಕ್ಕಾಗಿಯೇ. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಮಾರ್ಗದಲ್ಲಿರುವ ತೋಡಾರಿನಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿಯನ್ನು ಊಹಿಸಿಕೊಳ್ಳೋಣ. ಅದೇ ಮಾರ್ಗದಲ್ಲಿ ಮುಂದೆ ವಾಮಂಜೂರಿನ ಬಳಿ ಪಿಲಿಕುಳವಿದೆ. ಅಲ್ಲಿನ ಗಾಲ್ಫ್ ಮೈದಾನದಲ್ಲಿ ಆಡುವುದು ಅವನ ಹವ್ಯಾಸವೆನ್ನೋಣ. ಒಂದು ಮುಂಜಾನೆ ಅವನು ಮುರಕಲ್ಲಿನ ಮೆಟ್ಟಿಲಲ್ಲಿ ಜಾರುತ್ತಾನೆ. ಬೀಳುವವನು ತನಗರಿವಿಲ್ಲದೆಯೇ ಅಂಗೈಯನ್ನು ಮುಂದೆ ಚಾಚುತ್ತಾನೆ. ಇಡೀ ದೇಹದ ಭಾರವೂ ಬಿದ್ದ ವೇಗವೂ ಒಂದು ಮಣಿಕಟ್ಟಿನ ಮೇಲೆ ಬಂದು ನಿಲ್ಲುತ್ತವೆ. ಕೈ ಸ್ವಲ್ಪ ಊದುತ್ತದೆ. ಬೆರಳುಗಳು ಆಡುತ್ತವೆ. "ಬರೀ ಉಳುಕು, ಎಣ್ಣೆ ಹಚ್ಚಿ ತಿಕ್ಕಿದರೆ ಹೋಗುತ್ತದೆ" ಎಂದು ಮನೆಯವರು ಹೇಳುತ್ತಾರೆ.

ಅವನು ಮತ್ತೆ ಗಾಲ್ಫ್ ಕೋಲು ಹಿಡಿಯುವನೇ ಇಲ್ಲವೇ ಎಂಬುದು ಬಹುಮಟ್ಟಿಗೆ ಈ ಮಾತನ್ನು ಅವನು ನಂಬುವನೇ ಇಲ್ಲವೇ ಎಂಬುದನ್ನೇ ಅವಲಂಬಿಸಿದೆ. ಅದೇಕೆಂದು ನೋಡೋಣ.

ಮಣಿಕಟ್ಟು ಒಂದು ಕೀಲಲ್ಲ, ಕೀಲುಗಳ ಸಮೂಹ. ಮುಂಗೈಯ ಎರಡು ಉದ್ದ ಮೂಳೆಗಳಿಗೂ ಅಂಗೈಯ ಐದು ಮೂಳೆಗಳಿಗೂ ನಡುವೆ ಎಂಟು ಚಿಕ್ಕ ಮೂಳೆಗಳು, ನದಿಯ ನುಣುಪುಗಲ್ಲುಗಳನ್ನು ಒಟ್ಟಿಗೆ ಜೋಡಿಸಿಟ್ಟಂತೆ, ಕಟ್ಟುನಾರುಗಳಿಂದ ಬಿಗಿಯಲ್ಪಟ್ಟಿವೆ. ಇವುಗಳಲ್ಲಿ ಎರಡು ನಮ್ಮ ವಿಷಯಕ್ಕೆ ಮುಖ್ಯ. ಹೆಬ್ಬೆರಳ ಬದಿಯಲ್ಲಿರುವುದು ದೋಣಿಯ ಆಕಾರದ ಮೂಳೆ, ಸ್ಕೇಫಾಯ್ಡ್. ಕಿರುಬೆರಳ ಬದಿಯಲ್ಲಿ ಕೊಕ್ಕೆಯಂಥ ಚಾಚುಳ್ಳ ಹ್ಯಾಮೇಟ್.

ವಾಚಕರು ಹೆಬ್ಬೆರಳನ್ನು ಮೇಲಕ್ಕೆ ಬಿಗಿಯಾಗಿ ನೆಟ್ಟಗೆ ಮಾಡಿ ನೋಡಲಿ. ಅದರ ಬುಡದಲ್ಲಿ, ಎರಡು ಸ್ನಾಯುರಜ್ಜುಗಳ ನಡುವೆ, ನಶ್ಯ ಹಾಕಿಕೊಳ್ಳುವಷ್ಟು ಒಂದು ಗುಳಿ ಕಾಣುತ್ತದೆ. ಸ್ಕೇಫಾಯ್ಡ್ ಇರುವುದು ಇದರ ತಳದಲ್ಲಿ. ಅಂಗೈಯೂರಿ ಬಿದ್ದ ಮೇಲೆ ಈ ಗುಳಿಯನ್ನು ಒತ್ತಿದಾಗ ನೋವಾದರೆ, ವೈದ್ಯರು ಬೇರೆ ರೀತಿ ತಿಳಿಯುವ ತನಕ ಅದನ್ನು ಮುರಿತವೆಂದೇ ಭಾವಿಸುತ್ತಾರೆ. ಮುದುಕರು ಹೀಗೆ ಬಿದ್ದರೆ ಸಾಮಾನ್ಯವಾಗಿ ಮುರಿಯುವುದು ಮುಂಗೈಯ ರೇಡಿಯಸ್ ಮೂಳೆಯ ತುದಿ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿ, ಕ್ಷ-ಕಿರಣಗಳು ತಿಳಿಯುವುದಕ್ಕೆ ಎಂಬತ್ತು ವರ್ಷ ಮೊದಲೇ, ಅದನ್ನು ಬರಿಯ ಕಣ್ಣು-ಕೈಗಳಿಂದ ಗುರುತಿಸಿ ವರ್ಣಿಸಿದನು. ಅದು ಕೈಯ ಆಕಾರವನ್ನೇ ಕೆಡಿಸುವುದರಿಂದ ಮರೆಯಾಗಿ ಉಳಿಯುವುದಿಲ್ಲ. ತರುಣರ ಸ್ಕೇಫಾಯ್ಡ್ ಹಾಗಲ್ಲ, ಅದು ಮೋಸಗಾರ. ಮೊದಲ ದಿನದ ಕ್ಷ-ಕಿರಣ ಚಿತ್ರದಲ್ಲಿಯೂ ಅನೇಕ ವೇಳೆ ಬಿರುಕು ಕಾಣುವುದಿಲ್ಲ. ಆದುದರಿಂದಲೇ ಸಂದೇಹವಿದ್ದರೆ ಕೈಗೆ ಕಟ್ಟು ಹಾಕಿ, 10ರಿಂದ 14 ದಿನಗಳ ಬಳಿಕ ಮತ್ತೆ ಚಿತ್ರ ತೆಗೆಯುವ ವಾಡಿಕೆ.

ಇಷ್ಟು ಎಚ್ಚರಿಕೆ ಏತಕ್ಕೆ? ಈ ಮೂಳೆಗೆ ರಕ್ತ ಬರುವ ದಾರಿ ವಿಚಿತ್ರವಾದುದು. ಹೆಚ್ಚಿನ ರಕ್ತನಾಳಗಳು ಬೆರಳ ಕಡೆಯ ತುದಿಯಿಂದ ಒಳಹೊಕ್ಕು ಹಿಂದಕ್ಕೆ, ಮೊಣಕೈಯ ದಿಕ್ಕಿಗೆ, ಹರಿಯುತ್ತವೆ. ತೋಟದ ಕಣಿಗೆ ಒಂದೇ ತುದಿಯಿಂದ ನೀರು ಬಿಟ್ಟಂತೆ. ನಡುವೆ ಕಣಿ ಒಡೆದರೆ ಕೊನೆಯ ಮರಗಳಿಗೆ ನೀರಿಲ್ಲ. ಹಾಗೆಯೇ ಸ್ಕೇಫಾಯ್ಡಿನ ನಡು ಮುರಿದು, ಅಲುಗಾಡುತ್ತಲೇ ಇದ್ದರೆ, ಹಿಂದಿನ ತುಂಡು ರಕ್ತವಿಲ್ಲದೆ ಸಾಯಬಹುದು. ಆಮೇಲೆ ಮಣಿಕಟ್ಟು ಸವೆದು, ವರ್ಷಗಳ ಬಳಿಕ ಸಂಧಿವಾತ ನೆಲೆಯೂರುತ್ತದೆ. ಹೊಸ ಪೆಟ್ಟನ್ನು ತಿಕ್ಕುವುದು, ತಿರುಚುವುದು, "ಉಳುಕು ತೆಗೆಯುವುದು" ಇವೆಲ್ಲ ಇಲ್ಲಿ ಕೇಡನ್ನೇ ತರುತ್ತವೆ.

ಮುರಿದ ಮೂಳೆ ಕೂಡುವ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಮುರಿದೆಡೆಯಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ; ಎರಡು ಮೂರು ವಾರಗಳಲ್ಲಿ ಸಾಮಾನ್ಯವಾಗಿ ಅಲ್ಲಿ ಮೃದುವಾದ ಬೆಸುಗೆ ಮೂಡುತ್ತದೆ; ಬಳಿಕ ಸುಣ್ಣದ ಲವಣಗಳು ಸೇರಿ ಅದು ಗಟ್ಟಿಯಾಗುತ್ತದೆ. ಸ್ಕೇಫಾಯ್ಡಿನ ನಡು ಮುರಿದಿದ್ದರೆ ಸಾಮಾನ್ಯವಾಗಿ 8ರಿಂದ 12 ವಾರ ಬೇಕು. ಹಿಂದಿನ ತುದಿಯಾದರೆ ಇನ್ನೂ ಹೆಚ್ಚು. ಕೆಲವೊಮ್ಮೆ ತಿರುಪು ಹಾಕಬೇಕಾಗುತ್ತದೆ. ಬೆಸುಗೆಯಾದ ಮೇಲೂ ಕೆಲಸ ಮುಗಿಯದು. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆಂದು ಜರ್ಮನಿಯ ಜೂಲಿಯಸ್ ವೋಲ್ಫ್ 1892ರಲ್ಲಿ ಪ್ರತಿಪಾದಿಸಿದನು. ಎಂದರೆ, ಕೂಡಿದ ಮೂಳೆಗೆ ಭಾರ ಬೇಕೇ ಬೇಕು, ಆದರೆ ಮೆಲ್ಲಮೆಲ್ಲನೆ ಬೇಕು. ಕಟ್ಟಿನೊಳಗೆ ಸುಮ್ಮನಿದ್ದ ಸ್ನಾಯುಗಳೂ ಬಡವಾಗಿರುತ್ತವೆ, ಕೀಲು ಬಿಗಿದಿರುತ್ತದೆ.

ಬಿಗಿದ ಕೀಲಿನಿಂದ ಹಿಡಿತವೇಕೆ ಕುಗ್ಗುತ್ತದೆಂಬುದಕ್ಕೆ ಒಂದು ಸುಲಭ ಪ್ರಯೋಗವಿದೆ. ಮಣಿಕಟ್ಟನ್ನು ಅಂಗೈಯ ಕಡೆಗೆ ಪೂರ್ತಿ ಬಗ್ಗಿಸಿ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯಿರಿ. ಗೆಳೆಯನು ಅದನ್ನು ಸಲೀಸಾಗಿ ಎಳೆದುಕೊಳ್ಳುವನು. ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿ ಹಿಡಿದರೆ ಎಳೆಯುವುದು ಕಷ್ಟ. ಬೆರಳು ಮಡಿಸುವ ಸ್ನಾಯುಗಳಿರುವುದು ಮುಂಗೈಯಲ್ಲಿ. ಮಣಿಕಟ್ಟು ಬಗ್ಗಿದಾಗ ಅವು ಸಡಿಲಾಗಿ ಬಲ ಕಳೆದುಕೊಳ್ಳುತ್ತವೆ.

ಇನ್ನು ಆಟಕ್ಕೆ ಬರೋಣ. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪಿತವಾಯಿತು. ಹೀಗಾಗಿ ಇದು ನಮ್ಮ ನಾಡಿಗೆ ಹೊಸ ಆಟವೇನಲ್ಲ. ಗಾಲ್ಫ್ ಆಟಗಾರನ ಬೀಸು ಜೋಡು ಲೋಲಕವನ್ನು ಹೋಲುತ್ತದೆ. ತೋಳು ಒಂದು ಲೋಲಕ, ಕೋಲು ಇನ್ನೊಂದು. ಎರಡನ್ನೂ ಸೇರಿಸುವ ತಿರುಗಣಿಯೇ ಮಣಿಕಟ್ಟು. ಹವ್ಯಾಸಿ ಆಟಗಾರನ ಉದ್ದ ಕೋಲಿನ ತಲೆ, ಸುಮಾರು 200 ಗ್ರಾಂ ತೂಕದ್ದು, ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ಸುತ್ತುತ್ತದೆಂದು ಇಟ್ಟುಕೊಳ್ಳೋಣ. ಸುತ್ತಿನ ತ್ರಿಜ್ಯ ಒಂದೂವರೆ ಮೀಟರಾದರೆ, ವಿದ್ಯಾರ್ಥಿಗಳು ಬಲ್ಲ ಸೂತ್ರದಂತೆ, ಅದನ್ನು ವೃತ್ತದಲ್ಲಿ ಹಿಡಿದಿಡಲು 0.2 × 40 × 40 ÷ 1.5, ಅಂದರೆ ಸುಮಾರು 213 ನ್ಯೂಟನ್ ಬಲ ಬೇಕು. 22 ಕಿಲೋಗ್ರಾಂ ತೂಕವನ್ನು ಕೈಯಿಂದ ಇಳಿಬಿಟ್ಟಂತೆ!

ಈ ಬಲ ವೇಗದ ವರ್ಗವನ್ನು ಅನುಸರಿಸುತ್ತದೆ ಎಂಬುದನ್ನು ಗಮನಿಸಬೇಕು. ವೇಗವನ್ನು ಅರ್ಧ ಮಾಡಿದರೆ ಬಲ ಕಾಲುಭಾಗಕ್ಕಿಳಿಯುತ್ತದೆ: 22ರ ಬದಲು ಐದೂವರೆ ಕಿಲೋಗ್ರಾಂ. ಕುಳಿಯ ಬಳಿ ಚೆಂಡನ್ನು ಉರುಳಿಸುವ 'ಪಟರ್' ಕೋಲಿನ ತಲೆ 350 ಗ್ರಾಂ ಇದ್ದರೂ ವೇಗ ಸೆಕೆಂಡಿಗೆ 2 ಮೀಟರಾದಾಗ ಬಲ 100 ಗ್ರಾಂ ಭಾರದಷ್ಟೂ ಆಗದು. ಗಾಯದಿಂದೆದ್ದವನು ಮೊದಲು ಉರುಳಿಸುವ ಹೊಡೆತ, ಬಳಿಕ ಚಿಕ್ಕ ಎತ್ತುಹೊಡೆತ, ಆಮೇಲೆ ಅರ್ಧ ಬೀಸು, ಕೊನೆಗೆ ಪೂರ್ಣ ಬೀಸು ಎಂಬ ಕ್ರಮವನ್ನು ಏಕೆ ಹಿಡಿಯಬೇಕೆಂಬುದಕ್ಕೆ ಈ ಗಣಿತಕ್ಕಿಂತ ಬೇರೆ ಉಪದೇಶ ಬೇಡ.

ಚೆಂಡಿನ ಪೆಟ್ಟಿನ ವಿಷಯ? 46 ಗ್ರಾಂ ಚೆಂಡು ಸುಮಾರು 0.0005 ಸೆಕೆಂಡಿನಲ್ಲಿ 60 ಮೀಟರ್ ವೇಗ ಪಡೆದರೆ ಸರಾಸರಿ ಬಲ 5,500 ನ್ಯೂಟನ್. ಹೆದರುವಂಥ ಅಂಕಿಯೇ. ಆದರೆ ಕೋಲಿನ ದಂಡ ಬಳುಕುವಂಥದು. ಅದುರು ಕೈಗೆ ಮುಟ್ಟುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ನಿಜವಾದ ವೈರಿ ನೆಲ. ಚೆಂಡು ತಪ್ಪಿ ಕೋಲು ಗಟ್ಟಿನೆಲಕ್ಕೋ ಬೇರಿಗೋ ತಾಗಿದರೆ ತಲೆ ನಿಲ್ಲುತ್ತದೆ, ತೋಳು ನಿಲ್ಲುವುದಿಲ್ಲ. ನಡುವೆ ಸಿಕ್ಕಿದ್ದು ಮಣಿಕಟ್ಟು. ಬಲಗೈ ಆಟಗಾರನ ಎಡ ಅಂಗೈಯಲ್ಲಿ ಕೋಲಿನ ಹಿಡಿಯ ತುದಿ ಕುಳಿತಿರುವುದು ಸರಿಯಾಗಿ ಹ್ಯಾಮೇಟಿನ ಕೊಕ್ಕೆಯ ಮೇಲೆ. ಇಂಥ ಪೆಟ್ಟಿಗೆ ಆ ಕೊಕ್ಕೆ ಮುರಿಯುವುದುಂಟು. ಮುರಕಲ್ಲಿನ ನೆಲದಲ್ಲಿ ಪಿಕ್ಕಾಸು ಹಾಕಿದವರಿಗೆ ಈ ಅದುರಿನ ಪರಿಚಯವಿದೆ.

ಅವಸರದ ಫಲವನ್ನು ತಿಳಿಯಲು ಅಮೆರಿಕದ ಆಟಗಾರ್ತಿ ಮಿಶೆಲ್ ವೀ ಅವರ ಉದಾಹರಣೆ ಸಾಕು. 2007ರ ಆರಂಭದಲ್ಲಿ ಓಡುವಾಗ ಬಿದ್ದು ಅವರ ಮಣಿಕಟ್ಟು ಮುರಿಯಿತು. ಕೆಲವೇ ತಿಂಗಳುಗಳಲ್ಲಿ ಸ್ಪರ್ಧೆಗಿಳಿದ ಅವರು ಮೊದಲ ಪಂದ್ಯದ ನಡುವೆಯೇ ಮಣಿಕಟ್ಟಿನ ತೊಂದರೆಯೆಂದು ಹಿಂದೆ ಸರಿಯಬೇಕಾಯಿತು. ಆ ವರ್ಷವೆಲ್ಲ ಆಟ ಕೈಹಿಡಿಯಲಿಲ್ಲ. ಅವರು ಅಮೆರಿಕದ ಮಹಿಳಾ ಓಪನ್ ಪ್ರಶಸ್ತಿ ಗೆದ್ದದ್ದು 2014ರಲ್ಲಿ.

ನಮ್ಮ ತೋಡಾರಿನ ತರುಣನು ಯಾವಾಗ ಪೂರ್ಣ ಬೀಸಿಗೆ ತೊಡಗಬಹುದು? ಮೂಳೆ ಕೂಡಿದೆಯೆಂದು ವೈದ್ಯರು ಚಿತ್ರ ನೋಡಿ ಹೇಳಿರಬೇಕು. ಇದು ಮೊದಲನೆಯದು, ಇದಕ್ಕೆ ವಿನಾಯಿತಿಯಿಲ್ಲ. ಗುಳಿಯನ್ನು ಒತ್ತಿದಾಗ ನೋವಿರಬಾರದು. ಹಿಡಿತದ ಬಲ ಇನ್ನೊಂದು ಕೈಯ ಬಲದ ಶೇಕಡ 80-90ರಷ್ಟಾದರೂ ಬಂದಿರಬೇಕೆಂಬುದು ರೂಢಿಯ ಅಳತೆ. ಮನೆಯಲ್ಲಿ ಮೈತೂಕ ನೋಡುವ ಯಂತ್ರವಿದ್ದರೆ ಅದನ್ನು ಮೇಜಿನ ಮೇಲಿಟ್ಟು, ಅಂಗೈಯೂರಿ ನಿಧಾನವಾಗಿ ಒರಗಿ, ನೋವು ಹುಟ್ಟುವ ಮುನ್ನ ಮುಳ್ಳು ಎಷ್ಟಕ್ಕೆ ಹೋಯಿತೆಂದು ವಾರಕ್ಕೊಮ್ಮೆ ಬರೆದಿಡಬಹುದು. ಆಡಿದ ಮರುದಿನ ಕೈ ಊದಿಕೊಂಡರೆ ಹಿಂದಿನ ಮೆಟ್ಟಿಲಿಗೆ ಇಳಿಯತಕ್ಕದ್ದು. ಮೊದಮೊದಲಿನ ಬೀಸುಗಳಲ್ಲಿ ಚೆಂಡನ್ನು ಹುಲ್ಲಿನ ಮೇಲಿಡದೆ ಮರದ ಚಿಕ್ಕ ಮೊಳೆ 'ಟೀ' ಮೇಲಿಟ್ಟು ಹೊಡೆದರೆ ಕೋಲು ನೆಲಕ್ಕೆ ತಾಗುವ ಸಂಭವ ಕಡಿಮೆ. ಮಳೆ ನಿಂತು ನೆಲ ಬಿಸಿಲಿಗೆ ಕಲ್ಲಾಗುವ ತಿಂಗಳುಗಳಲ್ಲಂತೂ ಹೀಗೆ ಮಾಡುವುದೇ ಲೇಸು.