ಕಡಲ ನಡುವಿನ ಕಲ್ಲುಕಂಬಗಳು

‘ಸುತ್ತಲೂ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪವೆಂದು ಹೆಸರು.’ ಈ ವಾಕ್ಯವನ್ನು ನಮ್ಮ ಶಾಲೆಯ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ ಲೆಕ್ಕವಿಲ್ಲ. ಬರೆಯುವಾಗಲೆಲ್ಲ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತಿತ್ತು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ನಮ್ಮ ಮಕ್ಕಳು ಕಂಡ ದೊಡ್ಡ ನೀರೆಂದರೆ ಭೈರವಾನಿತಿಪ್ಪ ಜಲಾಶಯ. ಅದೂ ತುಂಬಿದ ವರ್ಷಗಳು ಕಡಿಮೆ, ತಳ ಬಿರಿದ ವರ್ಷಗಳು ಹೆಚ್ಚು. ಇಂಥ ಮಕ್ಕಳಿಗೆ ‘ಸುತ್ತಲೂ ನೀರು’ ಎಂಬುದನ್ನು ಯಾವ ಮಾತಿನಿಂದ ಮನಗಾಣಿಸುವುದು?

ಜ್ವಾಲಾಮುಖಿಯ ಪಾಠದಲ್ಲಿಯೂ ಇದೇ ಕಷ್ಟ. ಜಪಾನಿನ ಫ್ಯೂಜಿ, ಇಟಲಿಯ ವೆಸೂವಿಯಸ್ ಎಂದು ಹೆಸರುಗಳನ್ನು ಬಾಯಿಪಾಠ ಮಾಡಿಸಿ, ‘ನಮ್ಮ ಕಡೆ ಇಂಥವು ಯಾವುವೂ ಇಲ್ಲ’ ಎಂದು ಹೇಳಿ ಪುಸ್ತಕ ಮುಚ್ಚುತ್ತಿದ್ದೆ. ಆ ಮಾತು ತಪ್ಪೆಂದು ನನಗೆ ಕಲಿಸಿದ್ದು ಮಲ್ಪೆಯ ಕಡಲಿನಲ್ಲಿರುವ ಒಂದು ಪುಟ್ಟ ದ್ವೀಪ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಕೇಳಿಬಂದಾಗ, ಅನೇಕ ವರ್ಷ ತಪ್ಪಾಗಿ ಹೇಳಿದ ಪಾಠವನ್ನು ತಿದ್ದಿ ಒಪ್ಪಿಸುವುದೇ ನನ್ನ ಪಾಲಿನ ಸೇವೆ ಎಂದು ತೋರಿತು.

ಬಯಲಿನಿಂದ ಕಡಲಿಗೆ

ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮೊದಲು, ಒಂದು ಚಳಿಗಾಲದಲ್ಲಿ, ಮಕ್ಕಳನ್ನು ಕರೆದುಕೊಂಡು ಉಡುಪಿಗೆ ಶೈಕ್ಷಣಿಕ ಪ್ರವಾಸ ಹೊರಟೆವು. ರಾಯದುರ್ಗ, ಚಳ್ಳಕೆರೆ, ಚಿತ್ರದುರ್ಗ, ಶಿವಮೊಗ್ಗಗಳನ್ನು ದಾಟಿ ಆಗುಂಬೆಯ ಘಟ್ಟ ಇಳಿಯುವಾಗ ಮಕ್ಕಳ ಗಲಾಟೆ ತಾನಾಗಿಯೇ ನಿಂತಿತು. ಅಷ್ಟು ಹಸಿರನ್ನು ಅವರು ಕಂಡಿರಲಿಲ್ಲ. ಘಟ್ಟದ ಕೆಳಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳನ್ನು ಈ ಬೆಟ್ಟಗಳೇ ತಡೆದು ನಿಲ್ಲಿಸುವುದರಿಂದ ನಮ್ಮ ಪಾಲಿಗೆ ಉಳಿಯುವುದು ಬರಿಯ ಗಾಳಿ. ‘ಮಳೆಯ ನೆರಳಿನ ಪ್ರದೇಶ’ ಎಂಬ ಪಾಠವನ್ನು ಆ ದಿನ ನಾನು ಹೇಳಬೇಕಾಗಲಿಲ್ಲ, ಕಿಟಕಿಯೇ ಹೇಳಿತು.

ಮಲ್ಪೆಯು ಮೀನುಗಾರಿಕೆಗೆ ಹೆಸರಾದ ಬಂದರು. ಅಲ್ಲಿಂದ ಸುಮಾರು 6 ಕಿಲೋಮೀಟರ್ ದೂರ, ದೋಣಿಯಲ್ಲಿ ಅರ್ಧ ಗಂಟೆಯ ಪಯಣ. ಸೇಂಟ್ ಮೇರೀಸ್ ಎಂಬುದು ಒಂದೇ ದ್ವೀಪದ ಹೆಸರಲ್ಲ. ಉತ್ತರ ದಕ್ಷಿಣವಾಗಿ ಸಾಲುಗೊಂಡ ಕಿರುದ್ವೀಪಗಳ ಗುಂಪು. ಅವುಗಳಲ್ಲಿ ಮುಖ್ಯವಾದವು ನಾಲ್ಕು. ಜನರು ಇಳಿಯುವುದು ತೆಂಗಿನ ಮರಗಳಿರುವ ಕೋಕೊನಟ್ ದ್ವೀಪದಲ್ಲಿ. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್, ಎತ್ತರ ಹತ್ತು ಮೀಟರ್ ಎಂದರೆ ಅದರ ಗಾತ್ರವನ್ನು ಊಹಿಸಬಹುದು. ತುಳುವರು ಇದನ್ನು ‘ತೋನ್ಸೆಪಾರ್’ ಎನ್ನುತ್ತಾರೆ. ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಶಿಲುಬೆಯ ಕಂಬವೊಂದನ್ನು ನೆಟ್ಟು, ಮೇರಿ ಮಾತೆಯ ಹೆಸರನ್ನಿಟ್ಟನೆಂಬ ಪ್ರತೀತಿಯಿಂದ ಈಗಿನ ಹೆಸರು ಬಂದಿದೆ. ಆದರೆ ಅವನು ನೆಡುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ನಿಸರ್ಗವು ಅಲ್ಲಿ ಸಾವಿರಾರು ಕಂಬಗಳನ್ನು ನೆಟ್ಟಿತ್ತು.

ಉಳಿಯ ಗುರುತಿಲ್ಲದ ಕಲ್ಲು

ದೋಣಿಯಿಂದ ಇಳಿದ ಜನರೆಲ್ಲ ಓಡುವುದು ನೀರಿನ ಕಡೆಗೆ. ನಮ್ಮ ಮಕ್ಕಳೂ ಹಾಗೆಯೇ ಓಡಿದರು. ದಂಡೆಯಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚಾಗಿ ಹರಡಿದ್ದವು. ಮಕ್ಕಳು ಅವನ್ನು ಆರಿಸುತ್ತ ಕುಳಿತರು. ಹೆಚ್ಚಿನ ಪ್ರವಾಸಿಗರ ಪಾಲಿಗೆ ದ್ವೀಪವೆಂದರೆ ಇಷ್ಟೇ: ನೀರು, ಚಿಪ್ಪು, ಒಂದು ಭಾವಚಿತ್ರ.

ಒಬ್ಬ ಹುಡುಗ ಮಾತ್ರ ನೀರಿಗೆ ಬೆನ್ನುಮಾಡಿ ನಿಂತಿದ್ದ. ಅವನ ತಂದೆ ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡುತ್ತಿದ್ದರು. ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಕುಳಿತು ಬಾಯಿ ಬಿಡದೆ ಇರುತ್ತಿದ್ದ ಆ ಹುಡುಗ ಅಂದು ತಾನಾಗಿಯೇ ನನ್ನ ಬಳಿಗೆ ಬಂದ.

“ಸಾರ್, ಈ ಕಂಬಗಳನ್ನು ಯಾರು ಕಡೆದಿದ್ದು?”

ಅವನು ತೋರಿಸಿದ ಕಡೆಗೆ ನೋಡಿದೆ. ಒಂದಕ್ಕೊಂದು ಅಂಟಿಕೊಂಡು ಸೌದೆಯ ಕಟ್ಟಿನಂತೆ ನಿಂತ ಕಪ್ಪು ಕಂಬಗಳು. ಕೆಲವು ಆಳೆತ್ತರ, ಕೆಲವು ಅದಕ್ಕೂ ಮೇಲೆ. ಎತ್ತರದವು ಸುಮಾರು 6 ಮೀಟರ್ ಇವೆ. ಮುರಿದ ಕಂಬಗಳ ತಲೆಯನ್ನು ಮೇಲಿನಿಂದ ನೋಡಿದರೆ ಜೇನುಹುಟ್ಟಿನ ಕಣ್ಣುಗಳ ಹಾಗೆ ಐದು, ಆರು, ಏಳು ಮೂಲೆಗಳು.

“ಯಾರೂ ಕಡೆದಿಲ್ಲಪ್ಪ” ಎಂದೆ.

“ಅದೇ ಅಂದುಕೊಂಡೆ ಸಾರ್. ಉಳಿಯ ಗುರುತೇ ಇಲ್ಲ. ಮತ್ತೆ, ನಮ್ಮ ಕಡೆಯ ಕಲ್ಲಿನಲ್ಲಿ ಹರಳು ಹರಳು ಕಾಣುತ್ತೆ. ಇದರಲ್ಲಿ ಅಷ್ಟು ಕಾಣೋದಿಲ್ಲ.”

ನಾನು ಪುಸ್ತಕದಲ್ಲಿ ಓದಿ ತಿಳಿದುದನ್ನು ಆ ಬಾಲಕ ಕಣ್ಣಿನಿಂದಲೇ ಓದಿದ್ದ. ಶಿಲಾಶಾಸ್ತ್ರದ ಮೊದಲ ಪ್ರಶ್ನೆಯೇ ಹರಳಿನ ಗಾತ್ರ. ಮಕ್ಕಳನ್ನೆಲ್ಲ ಕರೆದು ಕಂಬಗಳ ಎದುರಿಗೆ ಕೂರಿಸಿದೆ. ನನ್ನ ಅಧ್ಯಾಪನ ವೃತ್ತಿಯಲ್ಲಿ ನಾನು ಹೇಳಿದ ಉತ್ತಮ ಪಾಠ ಯಾವುದೆಂದು ಕೇಳಿದರೆ ಇಂದಿಗೂ ಆ ದಿನದ್ದನ್ನೇ ಹೇಳುತ್ತೇನೆ.

ಕಂಬಗಳ ಹುಟ್ಟು

ಭೂಮಿಯ ಒಡಲಿನಿಂದ ಹೊರಬಂದ ಕುದಿಯುವ ಶಿಲಾರಸಕ್ಕೆ ಲಾವಾ ಎಂದು ಹೆಸರು. ಅದು ದಪ್ಪನಾಗಿ ಹರಡಿ, ಮೇಲಿನಿಂದಲೂ ಕೆಳಗಿನಿಂದಲೂ ತಣಿಯತೊಡಗುತ್ತದೆ. ತಣಿದ ವಸ್ತು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಭೈರವಾನಿತಿಪ್ಪದ ಕೆಸರು ಬೇಸಿಗೆಯಲ್ಲಿ ಒಣಗಿ ಹೆಂಚುಹೆಂಚಾಗಿ ಬಿರಿಯುವುದನ್ನು ನಮ್ಮ ಮಕ್ಕಳು ಬಲ್ಲರು. ಅಲ್ಲಿ ನೀರು ಹೋಗುವುದರಿಂದ ಮಣ್ಣು ಕುಗ್ಗುತ್ತದೆ, ಇಲ್ಲಿ ಶಾಖ ಹೋಗುವುದರಿಂದ ಕಲ್ಲು ಕುಗ್ಗುತ್ತದೆ. ತತ್ತ್ವ ಒಂದೇ. ಲಾವಾ ಏಕರೀತಿಯಾಗಿ, ಸಾವಕಾಶವಾಗಿ ತಣಿದಾಗ ಬಿರುಕುಗಳು ಪರಸ್ಪರ ಸುಮಾರು 120 ಅಂಶದ ಕೋನದಲ್ಲಿ ಸೇರುತ್ತವೆ. ಆಗ ಆರು ಮೂಲೆಯ ಆಕಾರವು ಸಹಜವಾಗಿ ಮೂಡುತ್ತದೆ. ತಣಿವು ಒಳಗಿಳಿದಂತೆ ಬಿರುಕೂ ಇಳಿಯುತ್ತ ಹೋಗಿ ಇಡೀ ಪದರವು ಕಂಬಗಳಾಗಿ ಸೀಳುತ್ತದೆ. ಐರ್ಲೆಂಡಿನ ಉತ್ತರ ತೀರದ ಜಯಂಟ್ಸ್ ಕಾಸ್‌ವೇ ಎಂಬಲ್ಲಿ ಇಂಥ ಸುಮಾರು 40,000 ಕಂಬಗಳಿವೆ. ಅವು ಬಸಾಲ್ಟ್ ಶಿಲೆಯವು. ನಮ್ಮ ದ್ವೀಪದವು ಸಿಲಿಕಾಂಶ ಹೆಚ್ಚಾಗಿರುವ ರಯೋಲೈಟ್, ಡೇಸೈಟ್ ವರ್ಗದವು. ಇಂಥ ಶಿಲೆಯಲ್ಲಿ ಇಷ್ಟು ಅಚ್ಚುಕಟ್ಟಾದ ಕಂಬಗಳು ಕಾಣುವುದು ವಿರಳ. ಆದುದರಿಂದಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದಾಗಿ ಸಾರಿದೆ.

ಈ ಲಾವಾ ಹೊರಬಂದದ್ದು ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ. ದಖ್ಖನ್ ಪ್ರಸ್ಥಭೂಮಿಯ ಪ್ರಸಿದ್ಧ ಲಾವಾ ಹಾಸುಗಳಿಗಿಂತ ಇದು ಹಳೆಯದು. ಅವುಗಳ ವಯಸ್ಸು ಸುಮಾರು 6.6 ಕೋಟಿ ವರ್ಷ. ಆ ಕಾಲದಲ್ಲಿ ಇಂದಿನ ಆಫ್ರಿಕದ ಬಳಿಯ ಮಡಗಾಸ್ಕರ್ ದ್ವೀಪವು ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಎರಡು ನೆಲಗಳೂ ಬೇರ್ಪಟ್ಟ ಹೊತ್ತಿನಲ್ಲಿ ಉಕ್ಕಿದ ಬೆಂಕಿಯ ಕುರುಹುಗಳು ಅಲ್ಲಿಯೂ ಇವೆ, ಇಲ್ಲಿಯೂ ಇವೆ. ಒಂದೇ ಮನೆ ಹಿಸ್ಸೆಯಾದಾಗ ಎರಡೂ ಕಡೆ ಮುರಿದ ಗೋಡೆ ಉಳಿಯುವ ಹಾಗೆ. ಗಡಿ ಎಂದರೇನೆಂದು ನಮ್ಮ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ತಾಲೂಕು ಆಂಧ್ರಕ್ಕೆ ಸೇರಿದುದನ್ನು ನಮ್ಮ ಹಿರಿಯರು ಕಂಡವರೇ. ನೆಲ ಬೇರೆಯಾದರೂ ಮೂಲದ ಗುರುತು ಅಳಿಯುವುದಿಲ್ಲವೆಂಬುದನ್ನು ಮಕ್ಕಳು ಕೂಡಲೇ ಗ್ರಹಿಸಿದರು.

“ಈಗಲೂ ಕೆಳಗೆ ಬೆಂಕಿ ಇದೆಯಾ ಸಾರ್?” ಎಂದು ಒಬ್ಬ ಹುಡುಗಿ ಕಾಲು ಮೇಲೆತ್ತಿಕೊಂಡು ಕೇಳಿದಳು. ಇಲ್ಲಿನ ಬೆಂಕಿ ಆರಿ ಯುಗಗಳೇ ಕಳೆದಿವೆ. ಭಾರತದಲ್ಲಿ ಜೀವಂತ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. ದೀರ್ಘಕಾಲ ಮೌನವಾಗಿದ್ದ ಅದು 1991ರಲ್ಲಿ ಮತ್ತೆ ಉಗುಳಿತು.

ನಮ್ಮ ನೆಲದ ಬೆಂಕಿ

ಹಿಂದಿರುಗುವಾಗ ಬಸ್ಸಿನಲ್ಲಿ ಆ ಹುಡುಗನ ಮಾತೇ ನನ್ನನ್ನು ಕಾಡಿತು. ನಮ್ಮ ಕಡೆಯ ಕಲ್ಲಿನಲ್ಲಿ ಹರಳು ಕಾಣುತ್ತದೆ, ಏಕೆ? ರಾಯದುರ್ಗದ ಕೋಟೆಬೆಟ್ಟದ ಗ್ರಾನೈಟ್ ಸಹ ಒಂದು ಕಾಲಕ್ಕೆ ಶಿಲಾರಸವೇ. ಅದು ಹೊರಗೆ ಉಕ್ಕದೆ ಭೂಮಿಯ ಆಳದಲ್ಲಿಯೇ ಬಹು ನಿಧಾನವಾಗಿ ತಣಿಯಿತು. ಹರಳುಗಳು ಬೆಳೆಯಲು ಬಿಡುವು ದೊರೆಯಿತು. ದ್ವೀಪದ ಶಿಲಾರಸ ಹೊರಗೆ ಬಂದು ಬೇಗ ತಣಿಯಿತು. ಹರಳುಗಳು ಸಣ್ಣವಾಗಿ ಉಳಿದವು.

ಇನ್ನೊಂದು ಬಗೆಯೂ ಉಂಟು. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ತಲೆದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಇದೆ. ಅದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ. ವಯಸ್ಸು ಸುಮಾರು 250 ಕೋಟಿ ವರ್ಷ. ದಿಂಬಿನ ಆಕಾರ ಬರುವುದು ಲಾವಾ ನೀರಿನೊಳಗೆ ಉಕ್ಕಿ ತಟ್ಟನೆ ತಣಿದಾಗ ಮಾತ್ರ. ಎಂದರೆ, ಆ ಒಣನೆಲದ ಮೇಲೆ ಒಂದು ಕಾಲಕ್ಕೆ ನೀರು ನಿಂತಿತ್ತು! ನಮ್ಮ ವೇದಾವತಿ ಆ ಚಿತ್ರದುರ್ಗದ ಸೀಮೆಯಿಂದಲೇ ಹರಿದು ಬಂದು ಭೈರವಾನಿತಿಪ್ಪವನ್ನು ಸೇರುತ್ತಾಳೆ. ಇನ್ನು ನಮ್ಮ ಅನಂತಪುರ ಸೀಮೆಯ ವಜ್ರಕರೂರಿನಲ್ಲಿ, ನೂರು ಕೋಟಿ ವರ್ಷಗಳಿಗೂ ಹಿಂದೆ, ಭೂಗರ್ಭದ ನೂರಾರು ಕಿಲೋಮೀಟರ್ ಆಳದಿಂದ ಚಿಮ್ಮಿಬಂದ ಕಿಂಬರ್ಲೈಟ್ ಎಂಬ ಜ್ವಾಲಾಮುಖಿ ಶಿಲೆಯ ಕೊಳವೆಗಳಿವೆ. ಮುಂಗಾರು ಬಿದ್ದಾಗ ಜನರು ಹೊಲಗಳಲ್ಲಿ ಬಗ್ಗಿ ವಜ್ರ ಹುಡುಕುವುದು ಆ ಕಾರಣದಿಂದಲೇ. ‘ನಮ್ಮ ಕಡೆ ಇಂಥವು ಯಾವುವೂ ಇಲ್ಲ’ ಎಂದಿದ್ದೆನಲ್ಲ! ಆಳದಲ್ಲಿ ತಣಿದುದು, ನೀರಿನಲ್ಲಿ ತಣಿದುದು, ಹೊರಗೆ ತಣಿದುದು ಎಂದು ಬೆಂಕಿಯ ಮೂರು ಮಕ್ಕಳು. ಇಬ್ಬರು ನಮ್ಮ ಆಸುಪಾಸಿನವರು, ಒಬ್ಬ ಕಡಲಿನವನು. ಮಾರನೆಯ ಸೋಮವಾರ ತರಗತಿಯಲ್ಲಿ ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡು, ಅನಂತರ ಈ ಪಾಠವನ್ನು ಹೇಳಿದೆ.

ಎರಡು ಎಚ್ಚರಿಕೆಯ ಮಾತು

ಮುಂದೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕರಿಗೆ ಎರಡು ವಿಷಯ ತಿಳಿಸಬೇಕು. ಮೊದಲನೆಯದು ಪ್ರಾಣದ ಮಾತು. ಕಂಬಗಳ ಅಂಚು ಪಾಚಿಗಟ್ಟಿ ಜಾರುತ್ತದೆ, ಸುತ್ತಲ ನೀರು ನಂಬತಕ್ಕದ್ದಲ್ಲ. 2022ರ ಏಪ್ರಿಲ್‌ನಲ್ಲಿ ಪ್ರವಾಸ ಬಂದ ಕಾಲೇಜು ವಿದ್ಯಾರ್ಥಿಗಳು ಅಲ್ಲಿ ನೀರುಪಾಲಾದರು. ಕೆರೆಯಲ್ಲಿ ಈಜು ಕಲಿತವರಿಗೆ ಕಡಲು ತಿಳಿಯದು. ಮಳೆಗಾಲದಲ್ಲಿ ದೋಣಿಗಳೇ ಹೋಗುವುದಿಲ್ಲ.

ಎರಡನೆಯದು ಕಲ್ಲಿನ ಮಾತು. ಅಂದು ನಮ್ಮವರಲ್ಲೇ ಒಬ್ಬನು ನೆನಪಿಗೆಂದು ಕಂಬದ ಮೂಲೆಯೊಂದನ್ನು ಕಲ್ಲಿನಿಂದ ಜಜ್ಜಲು ಹೊರಟ. ಅವನ ಕೈ ಹಿಡಿದವನು ನಾನಲ್ಲ, ಕ್ವಾರಿಯವರ ಮಗ. “ಕಲ್ಲು ಒಡೆಯೋದು ಗೊತ್ತಿಲ್ಲದಿದ್ದರೆ ನಮ್ಮಪ್ಪನ್ನ ಕೇಳು. ಒಡೆದದ್ದನ್ನ ಮತ್ತೆ ಕೂಡಿಸೋಕೆ ಅವರಿಗೂ ಬರೋದಿಲ್ಲ” ಎಂದ. ಇದಕ್ಕಿಂತ ಹೆಚ್ಚಿನ ಉಪದೇಶವನ್ನು ನಾನು ಮಾಡಲಾರೆ.

ಐವತ್ತು ವರ್ಷ ತುಂಬಿದ ನಮ್ಮ ಶಾಲೆಯ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಕಡಲಿಗೆ ಹೋದಾಗ ಅಲೆಯನ್ನೂ ನೋಡಿರಿ, ಅಲೆಗೆ ಬೆನ್ನುಮಾಡಿ ಕಲ್ಲನ್ನೂ ನೋಡಿರಿ. ಮನೆಗೆ ಮರಳಿದ ಮೇಲೆ, ಹೊಲದ ಬದುವಿನಲ್ಲಿ ಬಿದ್ದಿರುವ ಕಲ್ಲನ್ನು ಎತ್ತಿಕೊಂಡು, ಹರಳು ದೊಡ್ಡದೋ ಸಣ್ಣದೋ ಎಂದು ಬಿಸಿಲಿಗೆ ಹಿಡಿದು ನೋಡಿರಿ. ನಿಮ್ಮ ಅಧ್ಯಾಪಕರು ‘ಇಲ್ಲಿ ಏನೂ ಇಲ್ಲ’ ಎಂದರೆ, ವಿನಯದಿಂದ ಆ ಕಲ್ಲನ್ನು ಅವರ ಮೇಜಿನ ಮೇಲಿಡಿರಿ.