ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್: ಲಾಭ-ನಷ್ಟದ ಒಂದು ಅಧ್ಯಯನ

ಸಣ್ಣ ವ್ಯಾಪಾರ ಸಂಸ್ಥೆಗಳ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವಾಗ ‘ವಾಹನ ರಿಪೇರಿ’ ಎಂಬ ಶೀರ್ಷಿಕೆಯಡಿ ಒಮ್ಮೊಮ್ಮೆ ಅಸಾಮಾನ್ಯವಾದ ದೊಡ್ಡ ಮೊತ್ತವೊಂದು ಕಂಡುಬರುತ್ತದೆ. ವಿಚಾರಿಸಿದಾಗ, ಮಾಲೀಕರು ತಮ್ಮ ಹಳೆಯ ಅಂಬಾಸಿಡರ್ ಅಥವಾ ಕಾಂಟೆಸ್ಸಾ ಕಾರಿನ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿರುವುದು ತಿಳಿಯುತ್ತದೆ. ಈ ಒಂದೇ ನಮೂದಿನ ಹಿಂದೆ ನಾಲ್ಕು ಪ್ರಶ್ನೆಗಳು ಅಡಗಿವೆ. ಒಟ್ಟು ಖರ್ಚು ನಿಜಕ್ಕೂ ಎಷ್ಟು? ಅದು ಎಷ್ಟು ಕಾಲದಲ್ಲಿ ಮರಳಿ ಬರುತ್ತದೆ? ಕಾನೂನು ಇದಕ್ಕೆ ಒಪ್ಪುತ್ತದೆಯೇ? ಲೆಕ್ಕದಲ್ಲಿ ಇದನ್ನು ಎಲ್ಲಿ ತೋರಿಸಬೇಕು? ಇವುಗಳನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಿನ್ನೆಲೆ

ನಮ್ಮ ದೇಶದಲ್ಲಿ ಬಹುಕಾಲ ಪೆಟ್ರೋಲ್ ಬೆಲೆಗೂ ಡೀಸೆಲ್ ಬೆಲೆಗೂ ದೊಡ್ಡ ಅಂತರವಿತ್ತು. ಕೃಷಿ ಮತ್ತು ಸಾಗಾಣಿಕೆಯ ಹಿತದೃಷ್ಟಿಯಿಂದ ಡೀಸೆಲ್ ದರವನ್ನು ಸರ್ಕಾರ ತಗ್ಗಿನಲ್ಲಿಟ್ಟಿತ್ತು. ಹೀಗಾಗಿ ಹೆಚ್ಚು ಓಡಾಟವಿದ್ದ ವರ್ತಕರು ಹಳೆಯ ಪೆಟ್ರೋಲ್ ಕಾರುಗಳಿಗೆ ಡೀಸೆಲ್ ಎಂಜಿನ್ ಹಾಕಿಸುವುದು ರೂಢಿಗೆ ಬಂತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಬಲ್ಲವರಿಗೆ ಇದು ಹೊಸ ವಿಷಯವಲ್ಲ.

ಕಾಂಟೆಸ್ಸಾ ಇದಕ್ಕೆ ಉತ್ತಮ ಉದಾಹರಣೆ. ಉದ್ದನೆಯ ಬಾನೆಟ್ಟಿನ ಈ ಕಾರನ್ನು ಇಂದಿಗೂ ಅಭಿಮಾನಿಗಳು ‘ಭಾರತದ ಮಸಲ್ ಕಾರ್’ ಎಂದು ಕರೆಯುತ್ತಾರೆ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ವಿನ್ಯಾಸವನ್ನು ಆಧರಿಸಿದ ಇದು 1984ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದುದು ಅಂಬಾಸಿಡರಿನ 1.5 ಲೀಟರ್ ಪೆಟ್ರೋಲ್ ಎಂಜಿನ್. ತೂಕದ ಕಾರಿಗೆ ಅದು ಸಾಲಲಿಲ್ಲ. ನಂತರ ಇಸುಜು ಸಂಸ್ಥೆಯ 1.8 ಲೀಟರ್ ಪೆಟ್ರೋಲ್ ಎಂಜಿನ್ನೂ, ಆಮೇಲೆ ಇಸುಜು ಡೀಸೆಲ್ ಎಂಜಿನ್ನೂ ಬಂದವು. ಕಾರ್ಖಾನೆಯೇ ಒಂದೇ ಮೈಕಟ್ಟಿಗೆ ಡೀಸೆಲ್ ಕೂರಿಸಿದ್ದರಿಂದ, ಪೆಟ್ರೋಲ್ ಕಾಂಟೆಸ್ಸಾ ಇದ್ದವರಿಗೂ ಆ ಆಸೆ ಸಹಜವಾಗಿ ಹುಟ್ಟಿತು. ಕಾಂಟೆಸ್ಸಾ ತಯಾರಿಕೆ 2002ರಲ್ಲಿ, ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತವು. ಅದೇ 2014ರ ಅಕ್ಟೋಬರಿನಲ್ಲಿ ಡೀಸೆಲ್ ದರವೂ ಸರ್ಕಾರದ ನಿಯಂತ್ರಣದಿಂದ ಮುಕ್ತವಾಯಿತು. ಹಳೆಯ ಅಂತರ ಕುಗ್ಗಿತು. ಹಳೆಯ ನಂಬಿಕೆ ಮಾತ್ರ ಉಳಿಯಿತು.

2. ಬದಲಾಗುವುದು ಎಂಜಿನ್ ಒಂದೇ ಅಲ್ಲ

ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿಯಿಂದ ಇಂಧನ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಅತಿಯಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಇಂಧನ ಉರಿಯುತ್ತದೆ. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಒತ್ತಡದ ಅನುಪಾತ ಸುಮಾರು 8ಕ್ಕೆ 1 ಇದ್ದರೆ, ಹಳೆಯ ಡೀಸೆಲ್‌ಗಳಲ್ಲಿ ಅದು 20ಕ್ಕೆ 1ರ ಆಸುಪಾಸಿನಲ್ಲಿರುತ್ತದೆ. ಈ ಒತ್ತಡವನ್ನು ತಾಳಬೇಕಾದ್ದರಿಂದ ಎಂಜಿನ್ ಭಾರವಾಗುತ್ತದೆ. ಎಳೆಯುವ ಶಕ್ತಿ ಕಡಿಮೆ ವೇಗದಲ್ಲೇ ದೊರೆಯುತ್ತದೆ. ಆದರೆ ಎಂಜಿನ್ ಹೆಚ್ಚು ಸುತ್ತು ತಿರುಗುವುದಿಲ್ಲ.

ಇದರ ಪರಿಣಾಮಗಳು ಸರಣಿಯಾಗಿ ಬರುತ್ತವೆ. ಮುಂಭಾಗದ ಸ್ಪ್ರಿಂಗ್ ಮತ್ತು ಎಂಜಿನ್ ಮೌಂಟಿಂಗ್‌ಗಳನ್ನು ಬಲಪಡಿಸಬೇಕು. ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ಲಿನ ಅನುಪಾತ ಹೊಂದಿಕೆಯಾಗಬೇಕು. ಸ್ಟಾರ್ಟರ್ ಮತ್ತು ಬ್ಯಾಟರಿ ದೊಡ್ಡದಾಗಬೇಕು. ಪಂಪಿನಿಂದ ಹೆಚ್ಚುವರಿ ಡೀಸೆಲ್ ಟ್ಯಾಂಕಿಗೆ ಮರಳಲು ಪ್ರತ್ಯೇಕ ಕೊಳವೆ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕ್. ಪೆಟ್ರೋಲ್ ಎಂಜಿನ್ನಿನ ಒಳಸೆಳೆತದ ನಿರ್ವಾತದಿಂದ ಬ್ರೇಕ್ ಬೂಸ್ಟರ್ ಕೆಲಸ ಮಾಡುತ್ತದೆ. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಆ ನಿರ್ವಾತ ಇರುವುದಿಲ್ಲ. ಅದಕ್ಕಾಗಿ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಅಳವಡಿಸಲೇಬೇಕು. ಅಂದಾಜುಪಟ್ಟಿಯಲ್ಲಿ ಈ ಪಂಪಿನ ಉಲ್ಲೇಖವಿಲ್ಲದಿದ್ದರೆ, ಆ ಪಟ್ಟಿಯನ್ನು ಹಿಂದಿರುಗಿಸುವುದು ಲೇಸು. ಉಳಿತಾಯದ ಹೆಸರಿನಲ್ಲಿ ಪ್ರಾಣಾಪಾಯವನ್ನು ಕೊಳ್ಳಬಾರದು.

3. ಅಮೆರಿಕದ ಅನುಭವ

ಮಸಲ್ ಕಾರುಗಳ ತವರಾದ ಅಮೆರಿಕದಲ್ಲಿಯೂ ಹವ್ಯಾಸಿಗಳು 1960-70ರ ದಶಕದ ಕಾರುಗಳಿಗೆ ಡೀಸೆಲ್ ಎಂಜಿನ್ ಹಾಕುವುದುಂಟು. ಅವರು ಮೆಚ್ಚುವ ಕಮ್ಮಿನ್ಸ್ ಸಂಸ್ಥೆಯ 5.9 ಲೀಟರಿನ ಆರು ಸಿಲಿಂಡರ್ ಎಂಜಿನ್ ಸುಮಾರು 500 ಕಿಲೋ ತೂಗುತ್ತದೆ. ಆ ಕಾಲದ ಸಾಮಾನ್ಯ ವಿ-8 ಪೆಟ್ರೋಲ್ ಎಂಜಿನ್ನಿನ ಹೆಚ್ಚುಕಡಿಮೆ ಎರಡು ಪಟ್ಟು. ಅಲ್ಲಿ ಅದು ಶೋಕಿ, ಲೆಕ್ಕ ಕೇಳುವವರಿಲ್ಲ.

ತಯಾರಕರಾದ ನಮ್ಮ ಸದಸ್ಯರು ಗಮನಿಸತಕ್ಕದ್ದು ಅಲ್ಲಿನ ಇನ್ನೊಂದು ಪ್ರಕರಣ. 1973ರ ತೈಲ ಬಿಕ್ಕಟ್ಟಿನ ನಂತರ ಜನರಲ್ ಮೋಟಾರ್ಸ್ ಸಂಸ್ಥೆಯ ಓಲ್ಡ್ಸ್‌ಮೊಬೀಲ್ ವಿಭಾಗ 1978ರ ಮಾದರಿಯ ಕಾರುಗಳಲ್ಲಿ 5.7 ಲೀಟರ್ ಡೀಸೆಲ್ ವಿ-8 ಎಂಜಿನ್ ನೀಡಿತು. ಎಂಜಿನ್ ಬ್ಲಾಕನ್ನು ಬಲಪಡಿಸಲಾಗಿತ್ತು. ಆದರೆ ಪೆಟ್ರೋಲ್ ಎಂಜಿನ್ನಿಗೆ ಇದ್ದ ಯಂತ್ರೋಪಕರಣಗಳನ್ನೇ ಬಳಸುವ ಸಲುವಾಗಿ ಸಿಲಿಂಡರ್ ಹೆಡ್ಡಿನ ಬೋಲ್ಟ್‌ಗಳ ಜೋಡಣೆಯನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಡೀಸೆಲ್ ಒತ್ತಡವನ್ನು ಆ ಬೋಲ್ಟ್‌ಗಳು ತಾಳಲಿಲ್ಲ, ಗ್ಯಾಸ್ಕೆಟ್‌ಗಳು ಒಡೆದವು. ಇಂಧನದಿಂದ ನೀರನ್ನು ಬೇರ್ಪಡಿಸುವ ಸಾಧನವನ್ನೂ ಮೊದಲಿಗೆ ಕೊಟ್ಟಿರಲಿಲ್ಲ. ನೀರು ಸೇರಿ ಪಂಪುಗಳು ಕೆಟ್ಟವು. ಗ್ರಾಹಕರು ನ್ಯಾಯಾಲಯದ ಮೆಟ್ಟಿಲೇರಿದರು. 1985ರಲ್ಲಿ ತಯಾರಿಕೆ ನಿಂತಿತು. ಬೋಲ್ಟಿನಲ್ಲಿ ಉಳಿಸಿದ ಹಣ ಹೆಸರಿನಲ್ಲಿ ಹೋಯಿತು. ದೊಡ್ಡ ಕಾರ್ಖಾನೆಗೇ ಹೀಗಾದರೆ, ಗಲ್ಲಿಯ ಗ್ಯಾರೇಜಿನಲ್ಲಿ ಎಷ್ಟು ಎಚ್ಚರಿಕೆ ಬೇಕೆಂಬುದನ್ನು ಊಹಿಸಬಹುದು.

4. ಅಂಕಿಗಳಲ್ಲಿ ಲೆಕ್ಕ

ಈ ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಸದಸ್ಯರು ತಮ್ಮ ಊರಿನ ದರಗಳನ್ನು ಹಾಕಿ ನೋಡಿಕೊಳ್ಳಬೇಕು.

ಎಂಜಿನ್ ಮತ್ತು ಗೇರ್‌ಬಾಕ್ಸ್: ರೂ. 90,000
ಮೌಂಟಿಂಗ್, ಶಾಫ್ಟ್, ರೇಡಿಯೇಟರ್, ವ್ಯಾಕ್ಯೂಮ್ ಪಂಪ್, ಕೊಳವೆ, ವೈರಿಂಗ್: ರೂ. 60,000
ಕೂಲಿ: ರೂ. 35,000
ಅನುಮತಿ, ತಪಾಸಣೆ, ವಿಮೆಯ ವ್ಯತ್ಯಾಸ: ರೂ. 15,000
ಒಟ್ಟು: ರೂ. 2,00,000
ಕಳೆಯಿರಿ, ಹಳೆಯ ಎಂಜಿನ್ ಮಾರಾಟ: ರೂ. 20,000
ನಿವ್ವಳ ಹೂಡಿಕೆ: ರೂ. 1,80,000

ಪೆಟ್ರೋಲ್ ಲೀಟರಿಗೆ ರೂ. 103, ಕಾರು ಲೀಟರಿಗೆ 9 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳೋಣ. ಕಿಲೋಮೀಟರಿಗೆ ರೂ. 11.44 ಆಗುತ್ತದೆ. ಡೀಸೆಲ್ ರೂ. 91, ಓಟ 13 ಕಿ.ಮೀ. ಎಂದಾದರೆ ಕಿಲೋಮೀಟರಿಗೆ ರೂ. 7. ಉಳಿತಾಯ ರೂ. 4.44. ಆಯಿಲ್, ಫಿಲ್ಟರ್, ಪಂಪು-ನಾಝಲ್ ದುರಸ್ತಿಯ ಹೆಚ್ಚುವರಿ ಖರ್ಚಿಗೆ 44 ಪೈಸೆ ಕಳೆದರೆ ನಿವ್ವಳ ಉಳಿತಾಯ ಕಿಲೋಮೀಟರಿಗೆ ರೂ. 4.

ಎಂಜಿನ್ನಿನ ಬೆಲೆಯನ್ನು ಮಾತ್ರ ನೋಡುವವರು, 90,000ವನ್ನು 4.44ರಿಂದ ಭಾಗಿಸಿ, ಸುಮಾರು 20,000 ಕಿ.ಮೀ. ಓಡಿಸಿದರೆ ಹಣ ಮರಳಿತು ಎಂದುಕೊಳ್ಳುತ್ತಾರೆ. ನಿಜವಾದ ಲೆಕ್ಕದಲ್ಲಿ ಅದು 45,000 ಕಿ.ಮೀ.; ಎರಡು ಪಟ್ಟಿಗೂ ಹೆಚ್ಚು.

ಇಲ್ಲಿಗೂ ಲೆಕ್ಕ ಮುಗಿಯಲಿಲ್ಲ. ರೂ. 1,80,000ಕ್ಕೆ ಶೇ. 12ರಂತೆ ವರ್ಷಕ್ಕೆ ಬಡ್ಡಿ ರೂ. 21,600. ಸ್ವಂತ ಹಣವಾದರೂ ಅದನ್ನು ವ್ಯಾಪಾರದಲ್ಲಿ ತೊಡಗಿಸಿದ್ದರೆ ಬರುತ್ತಿದ್ದ ಆದಾಯವನ್ನು ಬಿಟ್ಟಂತಾಗುತ್ತದೆ. ಕಿಲೋಮೀಟರಿಗೆ ರೂ. 4ರಂತೆ ಈ ಬಡ್ಡಿಯನ್ನು ತುಂಬಲೆಂದೇ ವರ್ಷಕ್ಕೆ 5,400 ಕಿ.ಮೀ. ಓಡಬೇಕು. ತಿಂಗಳಿಗೆ 1,500 ಕಿ.ಮೀ. ಓಡುವ ವ್ಯಾಪಾರದ ಕಾರಿನಲ್ಲಿ, ಬಡ್ಡಿ ಸಮೇತ, ಮೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲದಲ್ಲಿ ಹೂಡಿಕೆ ಮರಳುತ್ತದೆ. ಭಾನುವಾರಕ್ಕೊಮ್ಮೆ ಹೊರತೆಗೆಯುವ, ವರ್ಷಕ್ಕೆ 1,200 ಕಿ.ಮೀ. ಓಡುವ ಕಾರಿನಲ್ಲಿ ಉಳಿಯುವುದು ರೂ. 4,800 ಮಾತ್ರ. ಅದು ಬಡ್ಡಿಯ ಕಾಲುಭಾಗಕ್ಕೂ ಸಾಲದು. ಉಳಿತಾಯವನ್ನು ತರುವುದು ಡೀಸೆಲ್ ಅಲ್ಲ, ಓಟ.

5. ಕಾನೂನಿನ ನಿಲುವು

1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ಮತ್ತು ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಇಂಧನ ಬದಲಾವಣೆಗೆ ಕಾಯಿದೆಯಲ್ಲಿ ಅವಕಾಶವಿದೆಯಾದರೂ ಅದು ನಿಗದಿತ ಷರತ್ತುಗಳಿಗೆ ಒಳಪಟ್ಟದ್ದು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯ ತೀರ್ಪಿನಲ್ಲಿ ಈ ಕಲಮಿನ ನಿರ್ಬಂಧವನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ಮಾಲೀಕರಿಗೆ ವಿಧಿಸಬಹುದು. 2022ರಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಎಂಜಿನ್ ತೆಗೆದು ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಎಂಜಿನ್ ಹಾಕಲು ಅವಕಾಶ ಕಲ್ಪಿಸಿತು. ನೀತಿಯ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ಇದರಿಂದ ಸ್ಪಷ್ಟ.

ಆದ್ದರಿಂದ ಪ್ರಾದೇಶಿಕ ಸಾರಿಗೆ ಅಧಿಕಾರಿಯ ಲಿಖಿತ ಅನುಮತಿ ಕೈಸೇರುವವರೆಗೆ ಎಂಜಿನ್ನಿಗೆ ಮುಂಗಡವನ್ನೂ ಕೊಡಬಾರದು. ಅನುಮತಿ ಸಿಗದಿದ್ದರೆ ಯೋಜನೆಯನ್ನು ಅಲ್ಲಿಗೇ ಕೈಬಿಡಬೇಕು. ವಿಮಾ ಸಂಸ್ಥೆಗೂ ಮಾರ್ಪಾಡನ್ನು ಲಿಖಿತವಾಗಿ ತಿಳಿಸಬೇಕು. ಆರ್.ಸಿ. ಪುಸ್ತಕದ ಎಂಜಿನ್ ಸಂಖ್ಯೆಯೂ ಬಾನೆಟ್ಟಿನ ಕೆಳಗಿನ ಸಂಖ್ಯೆಯೂ ತಾಳೆಯಾಗದಿದ್ದರೆ, ಅಪಘಾತದ ದಿನ ಪರಿಹಾರದ ಅರ್ಜಿ ತಿರಸ್ಕೃತವಾಗುವ ಸಂಭವವಿದೆ. ಆಗ ನಷ್ಟದ ಹೊರೆ ಸಂಸ್ಥೆಯ ಬಂಡವಾಳದ ಮೇಲೆಯೇ ಬೀಳುತ್ತದೆ.

ಇನ್ನೊಂದು ಅಂಶ. 2021ರ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ‘ವಿಂಟೇಜ್’ ಎಂದು ನೋಂದಣಿ ಪಡೆಯಬಹುದು. ಆದರೆ ಅದು ಮೂಲ ಸ್ವರೂಪದಲ್ಲಿರಬೇಕು, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಡೀಸೆಲ್ ಎಂಜಿನ್ ಕೂರಿಸಿದ ದಿನವೇ ಆ ಅರ್ಹತೆ ಕೈತಪ್ಪುತ್ತದೆ. ಸಂಗ್ರಾಹಕರು ಬೆಲೆ ಕೊಡುವುದು ಮೂಲ ಎಂಜಿನ್ನಿಗೆ. ಅದನ್ನು ಗುಜರಿಯ ದರಕ್ಕೆ ಮಾರುವ ಮುನ್ನ ಇದನ್ನು ನೆನೆಯಬೇಕು.

6. ಲೆಕ್ಕಪತ್ರ ಮತ್ತು ತೆರಿಗೆ

ಇದು ರಾಜಸ್ವ ವೆಚ್ಚವೋ ಬಂಡವಾಳ ವೆಚ್ಚವೋ ಎಂಬ ವಿಷಯದಲ್ಲಿ ಹಿಂದೆ ಉಚ್ಚ ನ್ಯಾಯಾಲಯಗಳಲ್ಲಿ ಭಿನ್ನಾಭಿಪ್ರಾಯಗಳಿದ್ದವು. ಇರುವ ಆಸ್ತಿಯನ್ನು ಕಾಪಾಡಿ ಮುಂದುವರಿಸುವ ವೆಚ್ಚವೇ ‘ಚಾಲ್ತಿ ರಿಪೇರಿ’. ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ವೆಚ್ಚ ಹಾಗಲ್ಲ ಎಂಬ ಸೂತ್ರವನ್ನು ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ (1997) ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಪುನಃ ಅನ್ವಯಿಸಿತು. ಬಂಡವಾಳ ಸ್ವರೂಪದ ವೆಚ್ಚ ಚಾಲ್ತಿ ರಿಪೇರಿಯಾಗದು ಎಂಬ ವಿವರಣೆಯನ್ನು 2003ರ ಹಣಕಾಸು ಕಾಯಿದೆಯು 1961ರ ಆದಾಯ ತೆರಿಗೆ ಕಾಯಿದೆಗೆ ಸೇರಿಸಿತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ ಎಂಬುದನ್ನೂ ಗಮನಿಸಬೇಕು.

ಸವೆದ ಪೆಟ್ರೋಲ್ ಎಂಜಿನ್ನಿಗೆ ಅದೇ ಬಗೆಯ ಎಂಜಿನ್ ಹಾಕಿದರೆ ಅದನ್ನು ರಿಪೇರಿ ಎಂದು ವಾದಿಸಬಹುದು. ಡೀಸೆಲ್ ಎಂಜಿನ್ ಹಾಕಿದಾಗ ಹೊಸ ಅನುಕೂಲ ದೊರೆಯುತ್ತದೆ. ಆದ್ದರಿಂದ ಅದನ್ನು ಕಾರಿನ ಮೌಲ್ಯಕ್ಕೆ ಸೇರಿಸಿ, ಹಳೆಯ ಎಂಜಿನ್ನಿನ ಮಾರಾಟದ ಹಣವನ್ನು ಕಳೆದು, ಸ್ವಂತ ವ್ಯಾಪಾರದ ಕಾರಿಗೆ ಅನ್ವಯಿಸುವ ಶೇ. 15ರ ಸವಕಳಿ ಪಡೆಯುವುದು ವಿವೇಕದ ಮಾರ್ಗ. ನಮ್ಮ ಉದಾಹರಣೆಯಲ್ಲಿ ಮೊದಲ ವರ್ಷ ದೊರೆಯುವ ಕಡಿತ ರೂ. 27,000, ಎರಡು ಲಕ್ಷವಲ್ಲ. ಸ್ವಂತ ಬಳಕೆಯ ಪಾಲನ್ನು ಬಿಡಬೇಕು. ಪ್ರಯಾಣಿಕರ ಕಾರಿನ ದುರಸ್ತಿ ಸೇವೆಗೆ ತೆತ್ತ ಜಿ.ಎಸ್.ಟಿ.ಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ಸಿಗದಿರುವುದರಿಂದ ಅದನ್ನೂ ಖರ್ಚಿಗೇ ಸೇರಿಸಬೇಕು. ಗುಜರಿಯಲ್ಲಿ ಕೊಂಡ ಎಂಜಿನ್ನಿಗೆ ಮಾರಿದವರ ಹೆಸರು, ವಿಳಾಸ, ಎಂಜಿನ್ ಸಂಖ್ಯೆ ಇರುವ ರಸೀದಿ ಅತ್ಯಗತ್ಯ. ರಸೀದಿಯಿಲ್ಲದ ಎಂಜಿನ್ ಕಳವಿನ ಮಾಲೂ ಆಗಿರಬಹುದು.

7. ಉಪಸಂಹಾರ

ಈ ಅಧ್ಯಯನದ ಸಾರವನ್ನು ಮೂರು ಮಾತಿನಲ್ಲಿ ಹೇಳಬಹುದು. ಬೆಲೆ ಬೇರೆ, ವೆಚ್ಚ ಬೇರೆ. ಉಳಿತಾಯವನ್ನು ಬಳಕೆಯಿಂದ ಅಳೆಯಬೇಕು. ದಾಖಲೆಯಿಲ್ಲದ ಆಸ್ತಿ ಆಸ್ತಿಯಲ್ಲ, ಹೊಣೆ. ಕಾರ್ಖಾನೆಯಲ್ಲಿ ಬಾಯ್ಲರ್, ಜನರೇಟರ್ ಅಥವಾ ಹಳೆಯ ಲೇತಿನ ಮೋಟಾರು ಬದಲಿಸುವಾಗಲೂ ಇದೇ ಕ್ರಮ ಅನ್ವಯಿಸುತ್ತದೆ: ಪೂರಕ ಖರ್ಚುಗಳನ್ನೆಲ್ಲ ಪಟ್ಟಿ ಮಾಡಿ, ಬಡ್ಡಿ ಸೇರಿಸಿ, ವರ್ಷಕ್ಕೆ ಎಷ್ಟು ಗಂಟೆ ನಡೆಯುತ್ತದೆ ಎಂಬುದರಿಂದ ಭಾಗಿಸಿ, ಅನುಮತಿ ಪತ್ರ ಕೈಗೆ ಬಂದ ಮೇಲೆ ನಿರ್ಧರಿಸಬೇಕು. ಮಮತೆಯಿಂದ ಹಳೆಯ ಕಾರನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಆ ಮಮತೆಯ ಖರ್ಚನ್ನು ವ್ಯಾಪಾರದ ಲಾಭವೆಂದು ಬರೆದುಕೊಳ್ಳುವುದು ಮಾತ್ರ ಸರಿಯಲ್ಲ.