ಕಾಗದದ ಹೂವಿನ ಬೋನ್ಸಾಯ್: ಬೆರಳಿಟ್ಟು ನೋಡಿ, ಆಮೇಲೆ ನೀರು ಹಾಕಿ



ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಿಗೆ ಕೆಲಸಕ್ಕೆ ಹೋಗುವ ನಿಮ್ಮಲ್ಲಿ ಹಲವರು ತಾರಸಿಯ ಮೇಲೆ ತಟ್ಟೆಯಂಥ ಕುಂಡದಲ್ಲಿ ಪುಟ್ಟ ಮರಗಳನ್ನು ನೋಡಿರುತ್ತೀರಿ. ಇವೇ ಬೋನ್ಸಾಯ್. ಲಾಲ್‌ಬಾಗ್‌ನಲ್ಲೂ ಇಂಥ ಗಿಡಗಳ ತೋಟವಿದೆ. ನಮ್ಮೂರ ಬಿಸಿಲಿಗೆ ಚೆನ್ನಾಗಿ ಒಗ್ಗುವ, ಹೂ ಬಿಡುವ ಬೋನ್ಸಾಯ್ ಅಂದರೆ ಕಾಗದದ ಹೂವಿನ ಗಿಡ, ಅಂದರೆ ಬೋಗನ್‌ವಿಲ್ಲಾ.

ಒಬ್ಬ ಅಕ್ಕನ ಅನುಭವ ಕೇಳಿ. ಮನೆಯವರು ಹದಿನೈದು ದಿನ ಊರಿಗೆ ಹೋದರು. ಗಿಡದ ಜವಾಬ್ದಾರಿ ಅಕ್ಕನದು. "ಒಣಗಿದರೆ ನನ್ನ ಮೇಲೆ ಬರುತ್ತೆ" ಎಂಬ ಭಯದಿಂದ ಬೆಳಿಗ್ಗೆ, ಸಂಜೆ ನೀರು ಸುರಿದರು. ಎಲೆ ಹಳದಿಯಾಗಿ ಉದುರಿತು. ಇನ್ನೊಂದು ಚೊಂಬು ಹೆಚ್ಚು ಹಾಕಿದರು. ಮನೆಯವರು ಬರುವಷ್ಟರಲ್ಲಿ ಗಿಡ ಸತ್ತಿತ್ತು. "ನೀರೇ ಹಾಕಿಲ್ಲ" ಎಂದು ಬೈಸಿಕೊಂಡಿದ್ದೂ ಅಕ್ಕನೇ! ಕಿತ್ತು ನೋಡಿದರೆ ಬೇರು ಕೊಳೆತಿತ್ತು.

ಅಕ್ಕನಲ್ಲಿ ಶ್ರದ್ಧೆಗೆ ಕೊರತೆ ಇರಲಿಲ್ಲ, ತಿಳುವಳಿಕೆ ಮಾತ್ರ ಬೇಕಿತ್ತು. ಅದಕ್ಕೇ ಈ ಪಾಠ.

1. ನೀರು: ಮಣ್ಣಿಗೆ ಬೆರಳಿಟ್ಟು ನೋಡಿ. ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ತಳದ ತೂತಿನಿಂದ ಹರಿಯುವಷ್ಟು ಹಾಕಿ. ಹಸಿ ಇದ್ದರೆ ಬಿಡಿ. ಕುಂಡ ಆಳವಿಲ್ಲದ್ದರಿಂದ ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ದಿನಾ ನೋಡಬೇಕು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಬಾರದು. ಬೇರಿಗೂ ಕೇಡು, ಡೆಂಗಿ ಸೊಳ್ಳೆಗೂ ಮನೆ.

2. ಎಂಥ ನೀರು: 2024ರ ಮಾರ್ಚ್‌ನಲ್ಲಿ ನೀರಿಗೆ ಬರ ಬಂದಾಗ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತ್ತು. ಉಪ್ಪು ಹಾಕದ ಅಕ್ಕಿ, ತರಕಾರಿ ತೊಳೆದ ನೀರು ಸಾಕು.

3. ಬಿಸಿಲು: ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ನೆರಳಲ್ಲಿಟ್ಟರೆ ಬರೀ ಎಲೆ.

4. ಹೂ: ನಾವು ಹೂವೆನ್ನುವ ಬಣ್ಣದ ಭಾಗ ನಿಜಕ್ಕೂ ಒಂದು ಬಗೆಯ ಎಲೆ. ಮಧ್ಯದ ಪುಟ್ಟ ಬಿಳಿ ಕೊಳವೆಯೇ ಹೂ. ಗಿಡಕ್ಕೆ ಸ್ವಲ್ಪ ಬಾಯಾರಿಕೆಯಾದರೆ ಮೊಗ್ಗು ಹೆಚ್ಚು. ಎಲೆ ತುಸು ಬಾಡಿದ ಕೂಡಲೇ ನೀರು ಕೊಡಿ, ಪೂರ್ತಿ ಒಣಗಲು ಬಿಡಬೇಡಿ. ಯೂರಿಯಾ ಹೆಚ್ಚಾದರೆ ಎಲೆ ಸೊಂಪಾಗಿ, ಹೂ ಕಡಿಮೆಯಾಗುತ್ತದೆ.

5. ಕತ್ತರಿಸುವುದು: ಹೊಸ ಚಿಗುರಲ್ಲೇ ಹೂ ಬರುವುದು. ಆದ್ದರಿಂದ ಒಂದು ಸುತ್ತು ಹೂ ಮುಗಿದ ಮೇಲೆ ಕೊಂಬೆ ಮೊಟಕು ಮಾಡಿ. ಗಿಡ ಚಿಕ್ಕದಾಗಿರುವುದು ಈ ಕತ್ತರಿಯಿಂದ, ಉಪವಾಸ ಕೆಡವುವುದರಿಂದ ಅಲ್ಲ. ಮುಳ್ಳಿದೆ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.

6. ಕುಂಡ ಬದಲಿಸುವುದು: ಎರಡು ಮೂರು ವರ್ಷಕ್ಕೊಮ್ಮೆ. ಕೆಂಪು ಮಣ್ಣು, ದಪ್ಪ ಮರಳು, ಕಳಿತ ಸಗಣಿ ಗೊಬ್ಬರ ಸಮ ಪಾಲು. ಬೇರು ಬಲು ಸೂಕ್ಷ್ಮ, ಮೆಲ್ಲಗೆ ಬಿಡಿಸಿ, ತುದಿ ಮಾತ್ರ ಕತ್ತರಿಸಿ.

ಇದರಿಂದ ಸಂಪಾದನೆ ಇದೆಯೇ ಎಂದು ಕೇಳುತ್ತೀರಿ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ, ಖರ್ಚಿಲ್ಲ. ಆದರೆ ಕಾಂಡ ದಪ್ಪವಾಗಿ ಮರದ ರೂಪ ಬರಲು ಹಲವು ವರ್ಷ ಬೇಕು. ಹಾಗಾಗಿ ಸಂಘದ ಸಾಲ ತೆಗೆದು ಇದನ್ನು ಶುರು ಮಾಡಬೇಡಿ. ಗಿಡ ನೋಡಿಕೊಳ್ಳುವ ಕೆಲಸಕ್ಕೆ ಬೇರೆಯಾಗಿ ಕೂಲಿ ಕೇಳಬಹುದು, ಅದು ನ್ಯಾಯವೇ. ಮನೆಯವರು ಊರಿಗೆ ಹೊರಡುವ ಮುನ್ನ ಅವರ ಎದುರೇ ಒಮ್ಮೆ ನೀರು ಹಾಕಿ "ಇಷ್ಟು ಸಾಕಾ ಅಮ್ಮ?" ಎಂದು ಕೇಳಿಕೊಳ್ಳಿ. ಎಲೆ ಹಳದಿಯಾದರೆ ಅಂದೇ ಫೋನ್ ಮಾಡಿ ತಿಳಿಸಿ. ಆಗ ತಪ್ಪು ನಿಮ್ಮ ತಲೆಗೆ ಬರುವುದಿಲ್ಲ.

ಸಭೆಯಲ್ಲಿ ಚರ್ಚಿಸಿ:
• ಎಲೆ ಹಳದಿಯಾದಾಗ ನೀರು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಹೇಗೆ ತಿಳಿಯುತ್ತೀರಿ?
• ನೀವು ಮಾಡದ ತಪ್ಪಿಗೆ ಬೈಸಿಕೊಂಡಿದ್ದೀರಾ? ಆಗ ಏನು ಹೇಳಬಹುದಿತ್ತು?
• ಮುಂದಿನ ಸಭೆಗೆ ಪ್ರತಿಯೊಬ್ಬರೂ ಒಂದು ಕಡ್ಡಿ ನೆಟ್ಟು ತನ್ನಿ.